ಹಿರಿಯರ ಹಬ್ಬಕ್ಕೆ ನಾನು ಊರಲ್ಲಿರಲ್ಲ

ನಾನು ಮಾಡಿದ ಪ್ರಯಾಣಗಳೆಲ್ಲ ಇನ್ನೊಬ್ಬರ ಹರಕೆ. ಅತ್ತೆಯ ಕಣ್ಣಿನ ಆಪರೇಷನ್ ಸರಿಹೋಯಿತು ಅಂತ ತಿರುಪತಿ. ಮಗ ಎಸ್ಸೆಸ್ಸೆಲ್ಸಿ ಪಾಸಾದ ಅಂತ ಧರ್ಮಸ್ಥಳ. ಮನೆಯವರ ಸಕ್ಕರೆ ಕಾಯಿಲೆ ವಾಸಿಯಾಗಲಿ ಅಂತ ಕಾಶಿ. ವಾಸಿಯಾಗಲಿಲ್ಲ, ಆದರೂ ಹೋಗಿ ಬಂದೆವು. ಎಲ್ಲಿಗೆ ಹೊರಟರೂ ಹಿಂದಿನ ದಿನ ಪುಳಿಯೋಗರೆ ಕಲಸುವವಳು ನಾನು, ವ್ಯಾನಿನ ಹಿಂದಿನ ಸೀಟಿನಲ್ಲಿ ಸೀಮೆಎಣ್ಣೆ ಸ್ಟೌವನ್ನು ಕಾಲಸಂದಿಯಲ್ಲಿ ಇಟ್ಟುಕೊಂಡು ಕೂರುವವಳೂ ನಾನೇ. ದೇವರನ್ನು ಅರ್ಧ ನಿಮಿಷ ನೋಡಿರಬಹುದು. ಪಾತ್ರೆಗಳನ್ನು ಬಹಳ ಹೊತ್ತು ನೋಡಿದ್ದೇನೆ.

ನನ್ನನ್ನು ಕೊಟ್ಟದ್ದು ಚಿಕ್ಕಜಾಲದ ಪಕ್ಕದ ಹಳ್ಳಿಗೆ. ಏರ್‌ಪೋರ್ಟ್ ಶುರುವಾಗುವ ಹೊತ್ತಿಗೆ ನಾವು ಬೆಂಗಳೂರಿನ ಗಂಗಾನಗರಕ್ಕೆ ಬಂದು ಬಹಳ ಕಾಲವಾಗಿತ್ತು. ಆದರೂ ಹಬ್ಬ ಹುಣ್ಣಿಮೆ ಅಂತ ಊರಿಗೆ ಹೋದಾಗೆಲ್ಲ ಅಂಗಳದಲ್ಲಿ ಕೂತು ಕಾಳು ಹಸನು ಮಾಡುತ್ತಾ ತಲೆ ಮೇಲೆ ಹೋಗುವ ವಿಮಾನ ನೋಡುತ್ತಿದ್ದೆ. ಚಕ್ರ ಮಡಚಿಕೊಳ್ಳುವುದು ಸಹ ಕಾಣುತ್ತಿತ್ತು. ವಿಮಾನದ ಹೊಟ್ಟೆಯನ್ನು ನನ್ನಷ್ಟು ನೋಡಿದವರು ಇಲ್ಲ. ಒಳಗೆ ಹೇಗಿದೆ ಅಂತ ಮಾತ್ರ ಗೊತ್ತಿರಲಿಲ್ಲ.

ನಮ್ಮ ಹಿಂದಿನ ರಸ್ತೆಯಲ್ಲಿ ಬಿಜಾಪುರದ ಕಡೆಯವಳೊಬ್ಬಳು ಇದ್ದಾಳೆ. ಕಾಲೇಜೊಂದರ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದು ರಿಟೈರ್ ಆದವಳು. ಗಂಡ ಇಲ್ಲ, ಮಂಡಿನೋವು ಇದೆ. ಬೆಳಗ್ಗೆ ಇಬ್ಬರೂ ಹೆಬ್ಬಾಳ ಕೆರೆ ಕಡೆ ನಡೆಯುತ್ತೇವೆ. ಒಂದು ದಿನ ಕಲ್ಲುಬೆಂಚಿನ ಮೇಲೆ ಕೂತಾಗ ಮೊಬೈಲಿನಲ್ಲಿ ಒಂದು ವಿಡಿಯೋ ಹಾಕಿ ಮುಂದೆ ಹಿಡಿದಳು.

"ಅಕ್ಕಾರ, ಇದನ್ನ ನೋಡ್ರಿ. ವಿಯೆಟ್ನಾಮ್ ಅಂತ. ಅದರಾಗೊಂದು ಸಣ್ಣ ನಡುಗಡ್ಡಿ."

ನೋಡಿದೆ. ಸಮುದ್ರ, ಒಂದಷ್ಟು ದೋಣಿ, ಹಾಸಿದ ಬಲೆ. ಒಂದು ಮನೆಯ ಮೆಟ್ಟಿಲ ಮೇಲೆ ನನ್ನ ವಯಸ್ಸಿನ ಹೆಂಗಸು ಕೂತಿದ್ದಳು, ತಲೆಗೆ ಬುಟ್ಟಿ ಬೋರಲು ಹಾಕಿಕೊಂಡ ಹಾಗಿತ್ತು ಅವಳ ಟೋಪಿ. ಅವಳು ಏನೂ ಮಾಡುತ್ತಿರಲಿಲ್ಲ. ಕಾಲು ಚಾಚಿಕೊಂಡು ನೀರು ನೋಡುತ್ತಿದ್ದಳು, ಅಷ್ಟೇ. ಯಾರೂ ಅವಳನ್ನು ಕೂಗಲಿಲ್ಲ.

"ದೇವಸ್ಥಾನ ಯಾವುದಿದೆ ಅಲ್ಲಿ?" ಅಂದೆ.

"ನಮ್ಮ ದೇವ್ರು ಯಾವೂ ಇಲ್ರಿ. ಮೀನ ಅದಾವ."

"ಹಂಗಿದ್ರೆ ಹೋಗೋಣ."

ಅವಳು ನಕ್ಕಳು. ಮಾರನೇ ದಿನವೂ ನಾನು ಅದೇ ಮಾತು ಆಡಿದಾಗ ನಗಲಿಲ್ಲ. "ನಾ ಸಮುದ್ರಾನ ನೋಡಿಲ್ಲ ನೋಡ್ರಿ ಅಕ್ಕಾರ" ಅಂದಳು.

ದುಡ್ಡು ನನ್ನದೇ. ಮನೆ ಮುಂದಿನ ಮಳಿಗೆಯ ಬಾಡಿಗೆ ನನ್ನ ಕೈಗೆ ಬರುತ್ತದೆ. ಆದರೆ ಅದು ಸಣ್ಣ ಮಳಿಗೆ, ಹಾಗಾಗಿ ಎಲ್ಲವೂ ಅಗ್ಗದಲ್ಲೇ ಆಗಬೇಕಿತ್ತು. ಮೊಮ್ಮಗಳು ಡಿಗ್ರಿ ಓದುತ್ತಿದ್ದಳು. ಕಂಪ್ಯೂಟರ್ ಮುಂದೆ ಅವಳ ಎಡಕ್ಕೆ ನಾನು, ಬಲಕ್ಕೆ ಬಿಜಾಪುರದವಳು. ದಾರಿಯಲ್ಲಿ ವಿಮಾನ ಬದಲಿಸಿದರೆ ಅಗ್ಗ, ಆದರೆ ಅಲ್ಲಿ ಅರ್ಧ ದಿನ ಕುರ್ಚಿಯಲ್ಲಿ ಕಾಯಬೇಕು ಅಂದಳು ಮೊಮ್ಮಗಳು. ಮೆಜೆಸ್ಟಿಕ್ಕಿನಲ್ಲಿ ಕೆಟ್ಟ ಬಸ್ಸಿಗೆ ಇಡೀ ದಿನ ಕಾದಿದ್ದೇನೆ, ಇದೇನು ಮಹಾ ಅಂದೆ. ದ್ವೀಪಕ್ಕೆ ಸಣ್ಣ ವಿಮಾನ ಬೇಡ, ಬಸ್ಸು ಹಿಡಿದು ಆಮೇಲೆ ದೋಣಿ. ಹೋಟೆಲ್ ಬೇಡ, ಯಾರದೋ ಮನೆಯ ಮಹಡಿಯಲ್ಲಿ ಒಂದು ರೂಮು. ಅದರ ಬಾಡಿಗೆ ಕೇಳಿ ಬಿಜಾಪುರದವಳು, "ನಮ್ಮ ಬಿಜಾಪುರದ ಬಸ್ ಸ್ಟ್ಯಾಂಡ್ ಮುಂದಿನ ಲಾಡ್ಜಿನಾಗ ಇದಕ್ಕಿಂತ ಜಾಸ್ತಿ ತಗೋತಾರ, ಮ್ಯಾಲ ತಿಗಣಿ ಬ್ಯಾರೆ" ಅಂದಳು.

ಪಾಸ್‌ಪೋರ್ಟಿಗೆ ವಿಚಾರಿಸಲು ಬಂದ ಪೊಲೀಸಿನವನು ಚಿಕ್ಕ ವಯಸ್ಸಿನವನು, ಒಳ್ಳೆಯವನೇ. ಕಾಫಿ ಕುಡಿದು ಕೇಳಿದ.

"ಮಗಳ ಬಾಣಂತನಕ್ಕಾ ಅಮ್ಮಾ?"

"ಅಲ್ಲ."

"ಮಗ ಇದಾರಾ ಅಲ್ಲಿ?"

"ಮಗ ಇಲ್ಲೇ ಒಳಗೆ ಟಿವಿ ನೋಡ್ತಾವನೆ."

"ಮತ್ತೆ ಯಾಕೆ ಹೋಗ್ತಿದೀರಾ?"

"ಸುಮ್ನೆ."

"ಟೂರ್ ಅಂತ ಬರ್ಕೊಳ್ತೀನಿ" ಅಂದು ಪೆನ್ನು ತೆಗೆದ. ನನ್ನ ವಯಸ್ಸಿನವಳು ಸುಮ್ಮನೆ ಹೋಗುವುದನ್ನು ಅವನು ಅಲ್ಲಿವರೆಗೆ ಕೇಳಿರಲಿಲ್ಲ ಅಂತ ಕಾಣುತ್ತದೆ.

ಇಲ್ಲಿವರೆಗೆ ಮನೆಯಲ್ಲಿ ಎಲ್ಲರಿಗೂ ಇದು ತಮಾಷೆ. ಮುದುಕಿಯರ ಆಟ, ನಾಲ್ಕು ದಿನ ಆಡಿ ಬಿಡುತ್ತಾರೆ ಅಂದುಕೊಂಡಿದ್ದರು. ಟಿಕೆಟ್ ಮಾಡುವ ದಿನ ತಮಾಷೆ ಮುಗಿಯಿತು. ಮೊಮ್ಮಗಳು ದರ ನೋಡುತ್ತಾ ನೋಡುತ್ತಾ ಒಂದು ಕಡೆ ನಿಂತಳು.

"ಅಜ್ಜಿ, ಈ ವಾರ ಸಿಕ್ಕಾಪಟ್ಟೆ ಕಮ್ಮಿ ಇದೆ. ಅಲ್ಲಿ ಮಳೆಗಾಲವಂತೆ, ಅದಕ್ಕೇ. ಬಿಟ್ರೆ ಮುಂದಕ್ಕೆಲ್ಲ ಡಬಲ್." ಆಮೇಲೆ ಗೋಡೆಯ ಕ್ಯಾಲೆಂಡರ್ ಕಡೆ ನೋಡಿ ದನಿ ಇಳಿಸಿದಳು. "ಆದ್ರೆ ಅದರಲ್ಲೇ ಮಹಾಲಯ ಅಮಾವಾಸ್ಯೆ ಬರುತ್ತೆ."

ಅಂದರೆ ಹಿರಿಯರ ಹಬ್ಬ. ನಮ್ಮಲ್ಲಿ ಅವತ್ತು ಸತ್ತವರಿಗೆ ಎಡೆ ಇಡುತ್ತಾರೆ. ಕಳಶದ ಮುಂದೆ ಹೊಸ ಪಂಚೆ, ಹೊಸ ಸೀರೆ, ಅವರವರಿಗೆ ಸೇರುತ್ತಿದ್ದ ತಿಂಡಿ, ಬಾಡಿನ ಸಾರು, ಮುದ್ದೆ, ವಡೆ, ಮಾವನವರಿಗೆ ಒಂದು ಕಟ್ಟು ಬೀಡಿ. ಮನೆಯ ಹಿರಿ ಹೆಂಗಸು ಹೊಟ್ಟೆಗೆ ಏನೂ ಹಾಕಿಕೊಳ್ಳದೆ ಎಲ್ಲ ಬೇಯಿಸಬೇಕು. ತಾರಸಿ ಮೇಲೆ ಎಲೆ ಇಟ್ಟು, ಕಾಗೆ ಬಂದು ಮುಟ್ಟಿದ ಮೇಲೆ ಮನೆಯವರ ಊಟ. ಎಲ್ಲರದೂ ಆದ ಮೇಲೆ ಅವಳದು. ಮದುವೆಯಾದ ವರ್ಷದಿಂದ ಅತ್ತೆಯ ಪಕ್ಕ ನಿಂತು ಮಾಡಿದೆ, ಅತ್ತೆ ಹೋದ ಮೇಲೆ ಅತ್ತೆಗೂ ಸೇರಿಸಿ ಮಾಡಿದೆ, ಮನೆಯವರು ಹೋದ ಮೇಲೆ ಅವರಿಗೂ ಸೇರಿಸಿ ಮಾಡಿದೆ. ನನ್ನ ಸ್ವಂತ ಅಪ್ಪ ಅಮ್ಮನಿಗೆ ಮಾತ್ರ ಒಂದು ವರ್ಷವೂ ಎಡೆ ಇಟ್ಟಿಲ್ಲ. ಅದು ನಮ್ಮಣ್ಣನ ಮನೆಯ ಕೆಲಸ, ಕೊಟ್ಟ ಹೆಣ್ಣಿನದಲ್ಲ.

"ಏನ್ ಮಾಡ್ಲಿ ಅಜ್ಜಿ?" ಅಂದಳು ಮೊಮ್ಮಗಳು.

"ಮಾಡು" ಅಂದೆ.

"ಕ್ಯಾನ್ಸಲ್ ಮಾಡಿದ್ರೆ ದುಡ್ಡು ವಾಪಸ್ ಬರಲ್ಲ."

"ಕ್ಯಾನ್ಸಲ್ ಯಾಕೆ ಮಾಡ್ತೀವಿ? ಒತ್ತು ಅದನ್ನ."

ಬಿಜಾಪುರದವಳಿಗೆ ಆ ತೊಂದರೆ ಇರಲಿಲ್ಲ. "ನಮ್ಮ ಹಿರ್ಯಾರು ಊರಾಗ ಅದಾರ್ರಿ, ಅವರನ್ನ ನಮ್ಮ ಮೈದುನ ನೋಡ್ಕೋತಾನ" ಅಂದಳು.

ಭಾನುವಾರ ಯಲಹಂಕದಿಂದ ನಾದಿನಿ ಬಂದಳು. ಮಗನೇ ಫೋನ್ ಮಾಡಿ ಕರೆಸಿದ್ದ, ಸೋದರತ್ತೆ ಹೇಳಿದರೆ ಅಮ್ಮ ಕೇಳುತ್ತಾಳೆ ಅಂತ. ಯಾವ ಕಾಲದಲ್ಲಿ ಕೇಳಿದ್ದೆನೋ. ನಾದಿನಿ ಚಪ್ಪಲಿ ಬಿಡುವಾಗಲೇ ಶುರು ಮಾಡಿದಳು.

"ಇದೇನ್ ಅತ್ತಿಗೆ ಇಂಗೆ? ನಮ್ಮಣ್ಣ ವರ್ಸಕ್ಕೊಂದು ಕಿತ ಬತ್ತಾನೆ. ಬಂದು ನೋಡುದ್ರೆ ಎಂಡ್ರು ಪಾರಿನ್‌ಗೆ ಓಗವ್ಳೆ ಅಂತಂದ್ರೆ ಏನ್ ಅಂದ್ಕತಾನೆ?"

"ಬದುಕಿದ್ದಾಗ ನಾನು ಮನೇಲಿ ಇದೀನೋ ಇಲ್ವೋ ಅಂತ ಒಂದು ದಿನ ನೋಡಿದೋರಲ್ಲ ನಿಮ್ಮಣ್ಣ. ತಟ್ಟೆ ಬಂತಾ ಅಂತ ನೋಡ್ತಿದ್ರು."

"ಅವನ್ಗೆ ನಿನ್ ಕೈಯಿನ ಕಜ್ಜಾಯ ಅಂದ್ರೆ ಪ್ರಾಣ."

"ಕಜ್ಜಾಯ ಅವರ ಹಲ್ಲಿಗೆ ಅಂಟ್ಕಳ್ತಿತ್ತು, ಒಂದು ಮುಟ್ತಿರಲಿಲ್ಲ. ಪ್ರಾಣ ಇದ್ದದ್ದು ನಿಂದು. ಇಷ್ಟು ವರ್ಷ ನೀನು ಹೇಳ್ತೀಯ ಅಂತ ಇಟ್ಟೆ, ಹೋಗುವಾಗ ಡಬ್ಬಿಗೆ ತುಂಬಿಕೊಂಡು ಹೋದೋಳೂ ನೀನೇ."

ಮೊಮ್ಮಗಳು ಎದ್ದು ಅಡುಗೆಮನೆಗೆ ಹೋದಳು, ನಗು ತಡೆಯಲಾರದೆ. ನಾದಿನಿ ಸೆರಗು ಸರಿಮಾಡಿಕೊಂಡು, ಹಾಗಾದರೆ ಸೊಸೆ ಮಾಡಲಿ ಅಂದಳು. ಸೊಸೆ ಬಾಯಿ ತೆರೆಯುವ ಮೊದಲೇ ನಾನು ಬೇಡ ಅಂದೆ. ಅವಳು ವಾರಪೂರ್ತಿ ಯಶವಂತಪುರದ ಫ್ಯಾಕ್ಟರಿಯಲ್ಲಿ ನಿಂತು ಬರುತ್ತಾಳೆ. ನನ್ನ ಹೊರೆಯನ್ನು ಅವಳ ತಲೆಗೆ ಹೊರಿಸಿ ನಾನು ಸಮುದ್ರ ನೋಡಲು ಹೋದರೆ ನನ್ನ ಅತ್ತೆಗೂ ನನಗೂ ವ್ಯತ್ಯಾಸ ಏನು?

"ಮತ್ತೆ ಯಾರು ಮಾಡ್ತಾರೆ?" ಅಂದ ಮಗ.

"ಅಪ್ಪ ಯಾರಿಗೆ?"

"ನನಗೆ."

"ಹಂಗಾದ್ರೆ ನೀನು ಮಾಡು."

ಅವನು ನಕ್ಕ. ನಾನು ನಗಲಿಲ್ಲ ಅಂತ ಗೊತ್ತಾದ ಮೇಲೆ ಮುಖ ಬಿಗಿಯಾಯಿತು.

"ಗಂಡಸರು ಎಡೆ ಬೇಯಿಸ್ತಾರಾ ಅಮ್ಮ? ಯಾರ ಮನೇಲಿ ನೋಡಿದೀಯ? ನೀನು ಹೋದ್ರೆ ಈ ವರ್ಷ ಎಡೆ ಇಲ್ಲ, ಅಷ್ಟೇ. ಅಪ್ಪ ಬಂದು ಬರಿ ಹೊಟ್ಟೇಲಿ ಹೋಗ್ತಾರೆ. ಆ ಮಾತು ನಿನ್ನ ಮೇಲೇ ಇರುತ್ತೆ."

ಅವನ ಮಾತು ನನಗೂ ನಾಟಿತು, ಇಲ್ಲ ಅನ್ನುವುದಿಲ್ಲ. ಹಸಿದವರನ್ನು ಬಾಗಿಲಿಂದ ಕಳಿಸಿ ಅಭ್ಯಾಸವಿಲ್ಲ ನನಗೆ. ಆದರೆ ಬೇಯಿಸಲು ಎರಡು ಕೈ ಇರುವ ಮಗ ಎದುರಿಗೇ ಕೂತಿದ್ದ.

"ನಿಮ್ಮಪ್ಪ ಹಸ್ಕೊಂಡು ಹೋದ್ರೆ ಅದು ನೀನು ಒಲೆ ಹಚ್ಚದೆ ಇದ್ದಿದ್ದಕ್ಕೆ. ನಾನು ಹೋಗಿದ್ದಕ್ಕಲ್ಲ. ಬೇಕಾದ್ರೆ ಕಲಿ, ಹೇಳಿಕೊಡ್ತೀನಿ. ಬೇಡ ಅಂದ್ರೆ ಬಿಡು. ನಾನಂತೂ ಹಬ್ಬಕ್ಕೆ ಊರಲ್ಲಿರಲ್ಲ."

ಮಗ ಎರಡು ವಾರ ನನ್ನ ಜೊತೆ ಮಾತಾಡಲಿಲ್ಲ. ಕಾಫಿ ಲೋಟವನ್ನು ಟಕ್ ಅಂತ ಇಟ್ಟು ಹೋಗುತ್ತಿದ್ದ. ನಾನು ನನ್ನ ಕೆಲಸ ನೋಡಿಕೊಂಡೆ. ಅಗ್ಗದ ಟಿಕೆಟ್ಟಿಗೆ ಏಳು ಕೆಜಿಯ ಒಂದೇ ಬ್ಯಾಗು, ಮೇಲೆ ಒಂದು ಗ್ರಾಂ ಹೆಚ್ಚಾದರೂ ದುಡ್ಡು ಕಟ್ಟಬೇಕು ಅಂದಿದ್ದಳು ಮೊಮ್ಮಗಳು. ಹಾಗಾಗಿ ಇಬ್ಬರೂ ಬ್ಯಾಗು ಹೊತ್ತು ರಸ್ತೆ ಕೊನೆಯ ಹಳೇಪೇಪರ್ ಅಂಗಡಿಗೆ ಹೋದೆವು, ಅಲ್ಲಿ ದೊಡ್ಡ ತಕ್ಕಡಿ ಇದೆ.

"ಪೇಪರ್ ರೇಟಾ ಅಜ್ಜಿ, ಕಬ್ಬಿಣದ ರೇಟಾ?" ಅಂದ ಅಂಗಡಿಯವನು.

"ತೂಕ ಹೇಳಪ್ಪ ಸಾಕು. ಮಾರಕ್ಕೆ ಬಂದಿಲ್ಲ."

ನನ್ನದು ಹತ್ತರ ಹತ್ತಿರ ಬಂತು. ರಾಗಿಹಿಟ್ಟು ತುಂಬಿದ್ದೆ. ಬಿಜಾಪುರದವಳದು ಏಳರ ಒಳಗೇ, ಅದೂ ವಾರಕ್ಕಾಗುವಷ್ಟು ಖಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ಸೇರಿ. ಒಣಗಿದ ರೊಟ್ಟಿಗೆ ತೂಕವೇ ಇಲ್ಲ.

"ನೀವು ಬೆಂಗ್ಳೂರಿನವರು ಮುದ್ದಿ ನುಂಗಿ ನುಂಗಿ ಭಾರ ಆಗೀರಿ" ಅಂತ ಅಂಗಡಿ ಮುಂದೆಯೇ ಹಂಗಿಸಿದಳು. ಹಿಟ್ಟಿನ ಗಂಟನ್ನು ಬ್ಯಾಗಿನಿಂದ ಕಿತ್ತೆ. ಅಲ್ಲಿಯೂ ಹೋಗಿ ಮುದ್ದೆ ತಿರುವುವುದಾದರೆ ಇಲ್ಲಿಂದ ಹೋಗುವುದೇ ಯಾಕೆ ಅಂತ ಆಗ ಹೊಳೆಯಿತು.

ಹೊರಡುವುದಕ್ಕೆ ಒಂದು ವಾರ ಮುಂಚೆ ಮಗ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತ. ಕೈಯಲ್ಲಿ ಮಟನ್ ಕವರು.

"ಮಸಾಲೆ ಹೆಂಗೆ ರುಬ್ಬೋದು?" ಅಂದ, ಗೋಡೆ ನೋಡಿಕೊಂಡು.

ನಾನು ಕುರ್ಚಿ ಎಳೆದುಕೊಂಡು ಕೂತೆ. ಎದ್ದು ಒಂದು ಚಮಚವನ್ನೂ ಮುಟ್ಟಲಿಲ್ಲ. ಈರುಳ್ಳಿ ಹೆಚ್ಚುವಾಗ ಅವನ ಕಣ್ಣಲ್ಲಿ ನೀರು ಬಂತು, ಈರುಳ್ಳಿಗೇ ಬಂತು. ಸಾರು ನೀರಾಯಿತು, ವಡೆ ಒಳಗೆ ಹಸಿ, ಮುದ್ದೆ ಗಂಟು. ಎಲ್ಲರೂ ತಿಂದೆವು. "ಅಪ್ಪ ಇದನ್ನ ತಿಂತಾರಾ?" ಅಂದ. "ನಾನು ಹೊಸದಾಗಿ ಬಂದಾಗ ಮಾಡಿದ್ದು ಇದಕ್ಕಿಂತ ಕೆಟ್ಟದಿತ್ತು, ತಿಂದ್ರಲ್ಲ" ಅಂದೆ. ಕಜ್ಜಾಯ ಹೇಳಿಕೊಡಲಿಲ್ಲ.

ವಿಮಾನದ ಒಳಗೆ ಏನೂ ಇಲ್ಲ. ನಮ್ಮ ವೋಲ್ವೋ ಬಸ್ಸಿನ ಹಾಗೇ ಇದೆ, ಕಿಟಕಿ ಚಿಕ್ಕದು. ದೋಣಿಯಲ್ಲಿ ಬಿಜಾಪುರದವಳು ವಾಂತಿ ಮಾಡಿಕೊಂಡಳು, ಆಮೇಲೆ ಬಾಯಿ ಒರೆಸಿಕೊಂಡು ಸಮುದ್ರವನ್ನು ಕಣ್ಣು ಮಿಟುಕಿಸದೆ ನೋಡಿದಳು. ದ್ವೀಪದಲ್ಲಿ ದಿನಾ ಮಳೆ ಹೊಡೆಯಿತು. ನಾವು ಇಳಿದುಕೊಂಡ ಮನೆಯ ಒಡತಿಗೆ ನಮ್ಮ ಮಾತು ಬಾರದು, ನಮಗೆ ಅವಳದು. ಅವಳು ಒಂದು ರೊಟ್ಟಿ ಮುರಿದು ತಿಂದು, ಇನ್ನೊಂದಕ್ಕೆ ಕೈ ಚಾಚಿದಳು.

ಅಮಾವಾಸ್ಯೆ ದಿನ ಮಧ್ಯಾಹ್ನ ಮಳೆ ಬಿಟ್ಟಿತ್ತು. ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಿದ್ದೆ. ಮಗನ ಫೋನ್ ಬಂತು.

"ಅಮ್ಮ, ಎಲ್ಲ ಮಾಡಿದೀನಿ. ತಾರಸಿ ಮೇಲೆ ಎಲೆ ಇಟ್ಟು ಆಗಲೇ ಎಷ್ಟೋ ಹೊತ್ತಾಯ್ತು. ಕಾಗೇನೇ ಬಂದಿಲ್ಲ. ಎಲ್ಲರೂ ಹಸ್ಕೊಂಡು ಕೂತಿದೀವಿ."

ಹಿಂದಿನಿಂದ ನಾದಿನಿಯ ದನಿ ಕೇಳಿಸಿತು. "ಯೋಳು ಅವ್ಳಿಗೆ. ಮನೆ ಯಜಮಾನ್ತಿ ಇಲ್ದಿದ್ ಎಡೇನ ಕಾಗೆ ಮುಟ್ಟಕಿಲ್ಲ ಅಂತ ಯೋಳು."

"ಊಟ ಮಾಡಿ" ಅಂದೆ.

"ಕಾಗೆ ಮುಟ್ಟದೇನಾ?"

"ಬೇಯಿಸಿದ್ದೀಯ, ಇಟ್ಟಿದ್ದೀಯ. ಕಾಗೆಗೆ ಹಸಿವಾದಾಗ ಬರುತ್ತೆ. ನಿಮಗೆ ಈಗ ಹಸಿವಾಗಿದೆ, ನೀವು ತಿನ್ನಿ. ನಂದಂತೂ ಊಟ ಆಯ್ತು."

ಹಿರಿಯರ ಹಬ್ಬದ ದಿನ ಮಧ್ಯಾಹ್ನ ನಾನು ಉಂಡದ್ದನ್ನು ಅವನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಏನ್ ತಿಂದೆ?" ಅಂದ.

"ಮೀನು. ಅನ್ನ."

"ಚೆನ್ನಾಗಿತ್ತಾ?"

"ಉಪ್ಪು ಕಮ್ಮಿ. ಬಡಿಸಿದ್ದು ಈ ಮನೆಯೋಳು, ತಟ್ಟೆ ತಗೊಂಡು ಹೋಗಿದ್ದೂ ಅವಳೇ."

ಫೋನ್ ಇಟ್ಟ ಮೇಲೆ ಮತ್ತೆ ಕಾಲು ಚಾಚಿದೆ. ಕಾಗೆ ಬಂತೋ ಇಲ್ಲವೋ ನಾನು ಇವತ್ತಿನವರೆಗೆ ಕೇಳಿಲ್ಲ, ಅವನೂ ಹೇಳಿಲ್ಲ. ಮಾರನೇ ವರ್ಷ ನಾನು ಊರಲ್ಲೇ ಇದ್ದೆ. ಎಡೆ ಅವನೇ ಬೇಯಿಸಿದ. ನಾನು ಬೆಳಗ್ಗೆ ಎದ್ದು ಇಡ್ಲಿ ತಿಂದೆ.