ಅತ್ತೆಯವರ ಮೂಕಾಭಿನಯ

ಸ್ನೇಹಿತರೇ, ಇವತ್ತು ಸಂಜೆ ಮರಾಠಿ ಸೀಮೆಯ ಓಝರ್ ಊರಿನ ನಮ್ಮ ಮನೆಯಲ್ಲಿ ಎಲ್ಲರಿಗೂ ಹಾಲಿಲ್ಲದ ಚಹಾ. ಕಾರಣ ಕೇಳಿ.

ಮರಾಠಿ ಶಾಲೆಯಲ್ಲಿ ಓದುವ ಮಗಳು ಗೌರಿಗೆ ನಾಳೆ ಮೂಕಾಭಿನಯ ಸ್ಪರ್ಧೆ. ಬೆಳಿಗ್ಗೆಯಿಂದ ಕೈ ತಿರುಗಿಸುತ್ತ, ಬಾಯಿ ಸೊಟ್ಟ ಮಾಡುತ್ತ ಅಭ್ಯಾಸ ಮಾಡುತ್ತಿದ್ದಳು. ಬೀದರ್ ಕಡೆಯವರಾದ ನಮ್ಮ ಅತ್ತೆ ನೋಡಿ ನೋಡಿ, "ಏನಾಗ್ಯಾದ ಈ ಹುಡುಗಿಗಿ?" ಎಂದರು.

"ಅಜ್ಜಿ, ಮೂಕಾಭಿನಯ ಮ್ಹಣಜೆ, ಅಂದ್ರೆ, ಮಾತಾಡದೇ ಹೇಳೋದು."

ಅತ್ತೆ ನಕ್ಕರು. "ಅದಕ್ಕ ಇಷ್ಟು ದೊಡ್ಡ ಹೆಸರಾ? ನಮ್ಮ ಕಾಲದಾಗ ಅತ್ತಿ-ಮಾವನ ಎದುರು ಗಂಡನ ಸಂಗಟ ಮಾತಾಡಂಗಿರಲಿಲ್ಲ. ನಾ ವರ್ಷಗಟ್ಟಲೆ ಇದೇ ಮಾಡೀನಿ."

ಮಾಡಿಯೂ ತೋರಿಸಿದರು. ಹುಬ್ಬು ಏರಿಸಿದರೆ ಊಟಕ್ಕೆ ಏಳಿ ಎಂದು. ಸೆರಗಿನಿಂದ ಹಣೆ ಒರೆಸಿಕೊಂಡರೆ ಸ್ನಾನದ ನೀರು ಕಾದಿದೆ ಎಂದು. ಆಮೇಲೆ ಅವರ ಕೈ ಹಿಂದೆ ಹೋಗಿ ತುರುಬನ್ನು ಮೆಲ್ಲಗೆ ಮುಟ್ಟಿತು.

"ಇದು?" ಎಂದಳು ಗೌರಿ. ಅತ್ತೆ ನಾಚಿ ಮುಖ ತಿರುಗಿಸಿದರು.

ಪೇಪರಿನ ಹಿಂದಿನಿಂದ ಮಾವನವರ ದನಿ ಬಂತು. "ಬರುವಾಗ ಹೂವ ತರ್ರಿ ಅಂತ."

"ತರ್ತಿದ್ರಾ ಅಜ್ಜ?"

"ಬಾಗಿಲದಾಗೇ ನಮ್ಮಪ್ಪ ಕುಂತಿರ್ತಿದ್ದ. ಹ್ಯಾಂಗ ತರ್ಲಿ?"

ಸಂಜೆ ಹಾಲು ತರಲು ಹೋದ ಮಾವನವರು ಹಾಲು ಮರೆತು, ಎಲೆಯಲ್ಲಿ ಸುತ್ತಿದ ಮಲ್ಲಿಗೆ ಹೂವಿನ ಗಜ್ರಾ ತಂದರು. ಅತ್ತೆಯವರ ಪಕ್ಕ ಇಟ್ಟು, ಮತ್ತೆ ಪೇಪರ್ ಬಿಡಿಸಿದರು.

"ಹಾಲೆಲ್ಲಿ?" ಎಂದು ಕೇಳಲು ನನ್ನ ಗಂಡ ಬಾಯಿ ತೆರೆದರು. ನಾನು ಕಣ್ಣಲ್ಲೇ ಗದರಿದೆ. ತಕ್ಷಣ ಬಾಯಿ ಮುಚ್ಚಿದರು.

ಎಷ್ಟಾದರೂ ಆ ಅಪ್ಪ-ಅಮ್ಮನ ಮಗ, ಅರ್ಥವಾಗದೆ ಇರುತ್ತದೆಯೇ?