ವಾಚರಣ್ಣನ ವಯಸ್ಸು

ಇವತ್ತು ಬೆಳಿಗ್ಗೆ ಅಂತರಸಂತೆ ರಸ್ತೆಯಲ್ಲಿ ಓಡುತ್ತಿದ್ದಾಗ ಆನೆ ಲದ್ದಿಯ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಮಲ್ಲಿಗೆಯ ಘಮಕ್ಕೆ ಹಳಬರು ನೆನಪಾಗುತ್ತಾರೆ. ನನಗೆ ಲದ್ದಿಯಿಂದ ವಾಚರಣ್ಣ ನೆನಪಾದ. ನನ್ನ ಯೋಗ್ಯತೆ ಅಷ್ಟೇ.

ಅವನು ಕಾಕನಕೋಟೆ ಕಾಡಿನ ವಾಚರ್, ನಾನು ಆಗಷ್ಟೇ ಆ ಕಡೆಯ ಸ್ಕೂಲಿಗೆ ಬಂದಿದ್ದ ಪಿ.ಟಿ. ಮೇಷ್ಟ್ರು. ಹ್ಯಾಂಡ್‌ಪೋಸ್ಟ್‌ನಿಂದ ಅಂತರಸಂತೆಗೆ ವರ್ಷಕ್ಕೊಮ್ಮೆ ಓಟದ ಸ್ಪರ್ಧೆ ನಡೆಯುತ್ತಿತ್ತು. ಪ್ರತಿ ಸಲವೂ ಬರಿಗಾಲಿನ ಅವನೇ ಮೊದಲು, ಬೂಟಿನ ನಾನು ಎರಡನೆಯವನು. ಒಮ್ಮೆಯಾದರೂ ಅವನನ್ನು ಹಿಂದೆ ಹಾಕಬೇಕು ಎಂಬುದೊಂದೇ ನನ್ನ ಆಸೆ.

ದೂರದ ಓಟಕ್ಕೆ ಮೂವತ್ತರ ಆಸುಪಾಸೇ ಸರಿಯಾದ ವಯಸ್ಸು, ಆಮೇಲೆ ಇಳಿಜಾರು ಎಂದು ಮೈಸೂರಿನ ಕೋಚ್ ಒಬ್ಬರು ಹೇಳಿದ್ದರು. ನನಗಾಗ ಇಪ್ಪತ್ತಾರು. ಅವನ ವೋಟರ್ ಕಾರ್ಡಿನ ಪ್ರಕಾರ ಅವನಿಗೆ ಮೂವತ್ತೆರಡು. ಅವನು ಇಳಿಯಲಿ ಎಂದು ಕಾದೆ. ಕಾದು ಕಾದು ನನಗೇ ಮೂವತ್ತಾಯಿತು, ಅವನು ಇಳಿಯಲೇ ಇಲ್ಲ...

ಅನುಮಾನ ಬಂದು ಕಾಡಂಚಿನ ಅವನ ಹಾಡಿಗೆ ಹೋಗಿ ಅವನ ಅವ್ವನನ್ನೇ ಕೇಳಿದೆ.

"ಬಿದ್ರು ಹೂ ಬುಟ್ಟ ವರ್ಸ ಹುಟ್ದ ಕಣಪ್ಪ. ಕಾರ್ಡ್‌ನೋರು ಅವ್ನ ಮಕ ನೋಡಿ ಅವ್ರೇ ಬರ್ಕಂಡ್ರು."

ಎಷ್ಟೋ ದಶಕಗಳಿಗೊಮ್ಮೆ ಹೂ ಬಿಡುವ ಬಿದಿರು ಆ ಕಾಡಿನಲ್ಲಿ ಹೂ ಬಿಟ್ಟದ್ದು ಯಾವಾಗ ಎಂದು ನಾಲ್ಕು ಜನರನ್ನು ಕೇಳಿ ಲೆಕ್ಕ ಹಾಕಿದೆ. ಅವನಿಗೆ ನಲವತ್ತೆಂಟು! ಇಷ್ಟು ವರ್ಷ ನಾನು ಸೋತದ್ದು ನನ್ನ ಚಿಕ್ಕಪ್ಪನ ವಯಸ್ಸಿನವನಿಗೆ. ಕೋಚ್ ಹೇಳಿದ್ದನ್ನೂ ಸೇರಿಸಿ ಎಲ್ಲವನ್ನೂ ವಾಚರಣ್ಣನಿಗೆ ಹೇಳಿದೆ. ಅವನು ನಿಜವಾಗಿಯೂ ಗಾಬರಿಯಾದ.

"ಅಂಗಾರೆ ನಾನು ಯಾವತ್ತೋ ನಿಲ್ಸ್‌ಬೇಕಿತ್ತಾ ಮೇಷ್ಟ್ರೇ? ಯಾರೂ ಯೋಳ್ಲೇ ಇಲ್ವಲ್ಲ!"

ಆ ವರ್ಷದ ಓಟದಲ್ಲೂ ಅವನೇ ಮುಂದಿದ್ದ. ಒಂದು ತಿರುವಿನಲ್ಲಿ ಲದ್ದಿ ಬಿದ್ದಿತ್ತು. ಅವನು ಗಕ್ಕನೆ ನಿಂತು, ಡ್ಯೂಟಿಯಲ್ಲಿ ಮಾಡುವಂತೆ ಅದರೊಳಗೆ ಕಾಲಿಟ್ಟು ಬಿಸಿ ನೋಡಿದ. ಬಿಸಿ ಇದ್ದರೆ ಆನೆ ಹತ್ತಿರದಲ್ಲೇ ಇದೆ ಎಂದರ್ಥ. "ನಿಂತ್ಕಳಿ ಎಲ್ಲಾ!" ಎಂದು ಎರಡೂ ಕೈ ಅಡ್ಡ ಹಿಡಿದ. ಎಲ್ಲರೂ ನಿಂತರು. ನಾನು ಮಾತ್ರ ಅವನ ಕಂಕುಳ ಕೆಳಗೆ ನುಸುಳಿ ಓಡಿದೆ. ಆನೆಯ ಭಯಕ್ಕೋ ಕಪ್ಪಿನ ಆಸೆಗೋ, ಜನ್ಮದಲ್ಲಿ ಅಷ್ಟು ಜೋರಾಗಿ ಓಡಿರಲಿಲ್ಲ. ಕಪ್ ನನಗೇ ಬಂತು.

ಆನೆ ದಾಟಿದ ಮೇಲೆ ಎಲ್ಲರನ್ನೂ ಮುಂದೆ ಬಿಟ್ಟು ಅವನು ಕೊನೆಯವನಾಗಿ ಬಂದ. ಕಪ್ಪಿನ ಕಡೆ ನೋಡಲೇ ಇಲ್ಲ, ನನ್ನ ಮೈಕೈ ಮುಟ್ಟಿ ನೋಡಿದ.

"ಜೀವ ಐತಲ್ಲ, ಬುಡಿ," ಎಂದ. ನನಗೆ ಆ ಕಪ್ಪಿನಲ್ಲಿ ಮುಖ ಮುಚ್ಚಿಕೊಳ್ಳುವಂತಾಯಿತು.

ಹೋದ ವರ್ಷ ಜ್ವರ ಬಂದು ಅವನು ತೀರಿಕೊಂಡ. ಈಗ ನನಗೂ ನಲವತ್ತೆಂಟು, ಅರ್ಧ ದಾರಿಗೇ ಏದುಸಿರು. ಇವತ್ತು ಬೂಟು ಬಿಚ್ಚಿ ಲದ್ದಿಗೆ ಕಾಲಿಟ್ಟೆ. ತಣ್ಣಗಿತ್ತು, ಓಡಬಹುದಿತ್ತು. ಆದರೂ ಸ್ವಲ್ಪ ಹೊತ್ತು ಅಲ್ಲೇ ನಿಂತೆ, ಅವನು ಮುಂದೆ ಹೋಗಲಿ ಎಂದು.