ಅಮಾವಾಸ್ಯೆ ಕಳೆದರೆ ಹಿಡಿಯದ ಬ್ರೇಕು

2017ರಲ್ಲಿ ನಾನು ಬಸ್ ಡಿಪೋ ಒಂದರ ಹೆಡ್ ಮೆಕ್ಯಾನಿಕ್ ಹುದ್ದೆಯಿಂದ ನಿವೃತ್ತನಾದೆ. ಮನೆಯಲ್ಲಿ ಸುಮ್ಮನೆ ಕೂರುವುದು ಒಗ್ಗಲಿಲ್ಲ. ಹಿರಿಯೂರಿನ ಪಕ್ಕದ ಬಬ್ಬೂರಿನಲ್ಲಿ, ರಸ್ತೆಗೆ ಹೊಂದಿಕೊಂಡಂತೆ ತಗಡಿನ ಶೆಡ್ ಹಾಕಿ, ಲಾರಿಗಳ ಬ್ರೇಕ್ ಕೆಲಸ ಮಾತ್ರ ಹಿಡಿದೆ. ಡಿಪೋದ ಶಿಸ್ತನ್ನು ಇಲ್ಲಿಗೂ ತಂದೆ. ಗಾಡಿ ಬಂದ ಕೂಡಲೇ ಸ್ಪ್ಯಾನರ್ ಮುಟ್ಟುವಂತಿಲ್ಲ. ಮೊದಲು ಬ್ರೇಕಿನ ಗಾಳಿಯ ಒತ್ತಡ, ನಂತರ ಚಾಲಕನ ಮಾತು, ಕೊನೆಗೆ ಚಕ್ರ.

ಮರುವರ್ಷ ಬೇಸಿಗೆಯ ಒಂದು ಬೆಳಿಗ್ಗೆ ಹಳೆಯ ಆರು ಚಕ್ರದ ಲಾರಿಯೊಂದು ತೆಂಗಿನಕಾಯಿ ತುಂಬಿಕೊಂಡು, ಮನುಷ್ಯ ನಡೆಯುವಷ್ಟೇ ವೇಗದಲ್ಲಿ ಬಂದು ಶೆಡ್ಡಿನ ಮುಂದೆ ನಿಂತಿತು. ಓಡಿಸುತ್ತಿದ್ದವರು ಚಿತ್ರದುರ್ಗದ ದಾದಾಪೀರ್. ಹಿಂದೆಯೇ ಕಾರಿನಲ್ಲಿ ಲಾರಿಯ ಮಾಲೀಕರಾದ ಹೊಳಲ್ಕೆರೆಯ ರುದ್ರಪ್ಪನವರು ಬಂದಿಳಿದರು. ಇಬ್ಬರ ಮುಖವೂ ಬಿಗಿದುಕೊಂಡಿತ್ತು.

ನಡೆದದ್ದು ಇಷ್ಟು. ಹಿಂದಿನ ದಿನ ಲಾರಿ ಹೊಸದುರ್ಗದಿಂದ ಹಿರಿಯೂರಿಗೆ ಬರುತ್ತಿದ್ದಾಗ ಮಾರಿಕಣಿವೆ ಹತ್ತಿರದ ಇಳಿಜಾರಿನಲ್ಲಿ ಕುರಿಮಂದೆ ಅಡ್ಡ ಬಂದಿದೆ. ಪೆಡಲನ್ನು ಪೂರ್ತಿ ತುಳಿದರೂ ಲಾರಿ ನಿಂತಿಲ್ಲ. ದಾದಾಪೀರ್ ಗೇರ್ ಇಳಿಸಿ, ರಸ್ತೆ ಬದಿಯ ಮಣ್ಣಿನ ದಿಬ್ಬಕ್ಕೆ ಒತ್ತಿ ನಿಲ್ಲಿಸಿದ್ದಾರೆ. ಮುಂದಕ್ಕೆ ಲೋಡ್ ಒಯ್ಯಲಾರೆ ಎಂದು ಅಲ್ಲಿಂದಲೇ ಮಾಲೀಕರಿಗೆ ಫೋನ್ ಮಾಡಿದ್ದಾರೆ.

ರುದ್ರಪ್ಪನವರು ಕುಳಿತುಕೊಳ್ಳಲೂ ಇಲ್ಲ. "ಲೈನಿಂಗ್ ಹೊಸಾದು ಮೇಸ್ತ್ರಿ. ಹಿಂದಿನ ಆಯಿಲ್ ಸೀಲು ಎರಡು ಸಲ ಬದಲ್ಸೀವಿ. ತಪ್ಪು ಗಾಡೀದಲ್ಲ, ಇವ್ನ ಕಾಲಿಂದು. ಡೀಸೆಲ್ ಉಳ್ಸಾಕೆ ನ್ಯೂಟ್ರಲ್‌ನಾಗೆ ಇಳಿಸ್ತಾನೆ, ಬ್ರೇಕ್ ಮ್ಯಾಲಿಂದ ಕಾಲೇ ತೆಗಿಯಲ್ಲ. ನೀವು ಹೌದು ಅಂದ್ರೆ ಇವತ್ತೇ ಇವನನ್ನ ಕೆಲ್ಸ ಬಿಡಿಸ್ತೀನಿ."

"ಗಾಡಿ ನಿಂತ್ರೆ ತಾನೇ ಕಾಲು ತೆಗಿಯಾದು?" ಎಂದರು ದಾದಾಪೀರ್. "ನ್ಯೂಟ್ರಲ್ ಮಾಡಿದ್ರೆ ಈ ಕಾಲು ಮುರೀಲಿ ಯಜಮಾನ್ರೆ. ಆ ಕುರಿ ಹಿಂದೆ ಒಬ್ಬ ಮನುಷ್ಯ ಇದ್ದ."

ಒಬ್ಬನ ಅನ್ನ ನನ್ನ ಒಂದು ಮಾತಿನ ಮೇಲೆ ನಿಂತಿತ್ತು. ನಾನು ಕೆಲಸ ಶುರು ಮಾಡಿದೆ.

ಓದುಗರಿಗೆ ಈ ಬ್ರೇಕಿನ ವ್ಯವಸ್ಥೆ ಸ್ವಲ್ಪ ಹೇಳಬೇಕು. ಚಕ್ರದ ಜೊತೆ ತಿರುಗುವ ಕಬ್ಬಿಣದ ಡಬ್ಬಿಯೇ ಡ್ರಮ್. ಅದರೊಳಗೆ ಎರಡು ಶೂಗಳು, ಅವುಗಳ ಮೇಲೆ ಲೈನಿಂಗ್ ಎಂಬ ಒರಟು ಪಟ್ಟಿ. ಪೆಡಲ್ ತುಳಿದಾಗ ಗಾಳಿಯ ಒತ್ತಡ ಶೂಗಳನ್ನು ಅಗಲಿಸುತ್ತದೆ, ಲೈನಿಂಗ್ ಡ್ರಮ್ಮನ್ನು ಉಜ್ಜಿ ಹಿಡಿಯುತ್ತದೆ. ಗಾಳಿ ಸೋರಿದರೂ, ಶೂ ದೂರವಾದರೂ, ಲೈನಿಂಗ್ ಜಾರಿದರೂ ಹಿಡಿತ ಹೋಗುತ್ತದೆ.

ಗಾಳಿಯ ಒತ್ತಡ ಸರಿಯಿತ್ತು, ಸೋರಿಕೆ ಇರಲಿಲ್ಲ. ಶೂ ಮತ್ತು ಡ್ರಮ್ ನಡುವಿನ ಅಂತರವೂ ಸರಿಯಿತ್ತು. ಆಮೇಲೆ ಚಾಲಕರನ್ನು ಕೇಳಿದೆ: "ದಿನಾಲೂ ಹಿಂಗೇನಾ?"

ದಾದಾಪೀರ್ ಮಾಲೀಕರ ಕಡೆ ಒಮ್ಮೆ ನೋಡಿದರು. "ನಗಬ್ಯಾಡ್ರಿ ಮೇಸ್ತ್ರಿ. ಅಮಾಸೆ ಆದ್ಮ್ಯಾಲೆ ಬ್ರೇಕ್ ಸತ್ತೋಗ್ತವೆ. ನಾಕಾರು ಟ್ರಿಪ್ ಹೊಡೆದ್ಮ್ಯಾಲೆ ಸ್ವಲ್ಪ ಜೀವ ಬರ್ತೈತೆ. ಮುಂದಿನ ಅಮಾಸೆಗೆ ಮತ್ತೆ ಅದೇ ಕಥೆ. ಮೊನ್ನೆ ತಾನೇ ಅಮಾಸೆ ಆಗೈತೆ."

"ಕೇಳಿದ್ರೇನ್ರಿ! ನನ್ ಲಾರಿಗೆ ದೆವ್ವ ಮೆಟ್ಕಂಡೈತಂತೆ!" ರುದ್ರಪ್ಪನವರು ತೊಡೆ ತಟ್ಟಿಕೊಂಡು ನಕ್ಕರು.

ನನಗೆ ನಗು ಬರಲಿಲ್ಲ. "ಅಮಾಸೆ ದಿನ ಗಾಡಿಗೆ ಏನೇನು ಮಾಡಿಸ್ತೀರಿ?" ಎಂದೆ.

ಅವರು ಹೆಮ್ಮೆಯಿಂದಲೇ ಹೇಳಿದರು. "ಒಂದಮಾಸೆನೂ ತಪ್ಸಿಲ್ರಿ. ಬೆಳಿಗ್ಗೆ ವಾಟರ್ ಸರ್ವೀಸು, ಆಮೇಲೆ ಕೆಳಗೆಲ್ಲ ಆಯಿಲ್ ಹೊಡ್ಸಾದು, ಪೂಜೆ, ಚಕ್ರಕ್ಕೆ ನಿಂಬೆಹಣ್ಣು. ಮನಿ ಮಗೀಗೂ ಇಷ್ಟು ಮಾಡಿಲ್ಲ."

ಆಯಿಲ್ ಹೊಡೆಸುವುದು ನಮ್ಮ ಕಡೆ ಬಹಳ ಜನರ ರೂಢಿ. ಗಾಡಿ ತೊಳೆದ ಮೇಲೆ, ಹಳೆಯ ಎಂಜಿನ್ ಆಯಿಲಿಗೆ ಡೀಸೆಲ್ ಬೆರೆಸಿ, ತುಕ್ಕು ಹಿಡಿಯದಿರಲೆಂದು ಸ್ಪ್ರಿಂಗ್ ಪಟ್ಟಿಗಳಿಗೂ ಚಾಸಿಗೂ ಗಾಳಿಯ ಗನ್ನಿನಿಂದ ಸಿಂಪಡಿಸುತ್ತಾರೆ.

ತೆಂಗಿನಕಾಯಿಯನ್ನು ಬೇರೆ ಗಾಡಿಗೆ ಹಾಕಿಸಿ, ಹಿಂದಿನ ಎರಡೂ ಡ್ರಮ್ ಬಿಚ್ಚಿದೆ. ಲೈನಿಂಗ್ ದಪ್ಪವಾಗಿಯೇ ಇತ್ತು, ಆದರೆ ಕಪ್ಪಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಬೆರಳಿಟ್ಟರೆ ಎಣ್ಣೆ.

"ಮತ್ತೆ ಸೀಲು ಹೋತು!" ಎಂದರು ರುದ್ರಪ್ಪನವರು.

ಸೀಲು ಎಂದರೆ ಆಕ್ಸಲ್ಲಿನೊಳಗಿನ ಎಣ್ಣೆ ಹೊರಬಾರದಂತೆ ತಡೆಯುವ ರಬ್ಬರ್ ಬಳೆ. ಅದು ಹೋಗಿದ್ದರೆ ಎಣ್ಣೆ ಚಕ್ರದ ನಡುಭಾಗದಿಂದ, ಅಂದರೆ ಹಬ್ ಕಡೆಯಿಂದ, ಹರಿದು ಬರಬೇಕು. ಅಲ್ಲಿ ಒಣಗಿತ್ತು. ಆಕ್ಸಲ್ಲಿನ ಗೇರ್ ಆಯಿಲಿಗೆ ಗಂಧಕದಂಥ ಕಟು ವಾಸನೆ ಇರುತ್ತದೆ. ಇದು ಡೀಸೆಲ್ ನಾರುತ್ತಿತ್ತು. ಎರಡು ಕಡೆಯ ಸೀಲೂ ಒಂದೇ ಸಲ, ಒಂದೇ ಪ್ರಮಾಣದಲ್ಲಿ ಸೋರುವುದೂ ಅಪರೂಪ. ಡ್ರಮ್ಮಿನ ಹಿಂಬದಿ ನೋಡಿದಾಗ ಎಲ್ಲವೂ ತಿಳಿಯಿತು. ಅದನ್ನು ಮುಚ್ಚಬೇಕಾದ ತಗಡು, ಡಸ್ಟ್ ಕವರ್, ಎರಡೂ ಕಡೆ ಇರಲಿಲ್ಲ. ಲೈನಿಂಗ್ ನೋಡಲು ಸುಲಭವಾಗಲೆಂದು ಯಾರೋ ಬಿಚ್ಚಿದವರು ಮತ್ತೆ ಹಾಕಿರಲಿಲ್ಲ. ಪ್ರತಿ ಅಮಾವಾಸ್ಯೆಗೂ ಸ್ಪ್ರಿಂಗಿಗೆ ಹೊಡೆದ ಎಣ್ಣೆ ನೇರವಾಗಿ ಬ್ರೇಕಿನೊಳಗೆ ಹೋಗುತ್ತಿತ್ತು. ನಾಲ್ಕಾರು ಟ್ರಿಪ್ಪಿನ ಬಿಸಿಗೆ ಒಂದಷ್ಟು ಸುಟ್ಟುಹೋದಾಗ ಬ್ರೇಕಿಗೆ ಜೀವ ಬರುತ್ತಿತ್ತು.

ರುದ್ರಪ್ಪನವರು ಡ್ರಮ್ಮಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ತಾವೇ ಬೆರಳಿನಿಂದ ಒರೆಸಿ ಮೂಸಿ ನೋಡಿದರು. "ಅಂದ್ರೆ ನಾನೇ ದುಡ್ಡು ಕೊಟ್ಟು..." ಎಂದರು.

"ಪೂಜೆ ಬಿಡಬ್ಯಾಡ್ರಿ. ಎಣ್ಣೆ ಸ್ನಾನ ಒಂದು ಬಿಡ್ರಿ," ಎಂದೆ.

ಎಣ್ಣೆ ಕುಡಿದ ಲೈನಿಂಗನ್ನು ಎಷ್ಟು ತೊಳೆದರೂ ನಂಬುವಂತಿಲ್ಲ. ಹೊಸದು ಹಾಕಿ, ಡ್ರಮ್ ಶುಚಿ ಮಾಡಿ, ಚಿತ್ರದುರ್ಗದಿಂದ ಡಸ್ಟ್ ಕವರ್ ತರಿಸಿ ಕೂರಿಸಿದೆ. ಮರುದಿನ ಲೋಡ್ ಹಾಕಿಸಿ, ಮಾರಿಕಣಿವೆಯ ಅದೇ ಇಳಿಜಾರಿಗೆ ಪರೀಕ್ಷೆಗೆ ಹೊರಟೆವು. ರುದ್ರಪ್ಪನವರು ಹಟ ಮಾಡಿ ಕ್ಯಾಬಿನ್ ಹತ್ತಿದರು: "ನಡೀರಿ ಹೋಗಾಣ, ನಾನೂ ನೋಡ್ತೀನಿ."

ರಸ್ತೆ ಖಾಲಿಯಿದ್ದಾಗ "ಹಿಡೀರಿ" ಎಂದೆ. ದಾದಾಪೀರ್ ತುಳಿದರು. ಲಾರಿ ಗೂಟ ಹೊಡೆದಂತೆ ನಿಂತಿತು. ರುದ್ರಪ್ಪನವರ ಹಣೆ ಮುಂದಿನ ಡ್ಯಾಶ್‌ಬೋರ್ಡಿಗೆ ಬಡಿದು, ಕನ್ನಡಕ ಕಾಲ ಬಳಿ ಬಿತ್ತು.

"ಲೇ ದಾದಾಪೀರ್, ಕೊಲ್ತೀಯೇನಪ್ಪ!"

"ನನ್ ಕಾಲು ಸರಿ ಐತಾ ಯಜಮಾನ್ರೆ?"

ಅವರು ಹಣೆ ಉಜ್ಜಿಕೊಳ್ಳುತ್ತಲೇ ನಕ್ಕರು. "ಸರಿ ಐತೆ ಕಣಪ್ಪ. ನಾನೇ ಬಾಯಿಗೆ ಬಂದಂಗೆ ಅಂದೆ, ಮನಸ್ಸಿಗೆ ಹಾಕ್ಕಬ್ಯಾಡ. ನಾಳೆ ಹೊಸದುರ್ಗದ ಲೋಡಿಗೆ ನೀನೇ ಹೋಗು. ಈಗ ಇನ್ನೊಂದ್ಸಲ ಹಿಡಿ, ಈ ಸಲ ಗಟ್ಟಿ ಕುಂತ್ಕಂತೀನಿ."

ಯಂತ್ರವನ್ನು ಬಿಚ್ಚುವ ಮೊದಲು ಅದನ್ನು ನಡೆಸುವವನ ಮಾತು ಕೇಳಬೇಕು, ಅದು ಎಷ್ಟೇ ವಿಚಿತ್ರವೆನಿಸಿದರೂ. ಈ ವೃತ್ತಿ ನನಗೆ ಕಲಿಸಿದ್ದು ಇದನ್ನೇ. ದಾದಾಪೀರ್ ಅವರಿಗೆ ನಾನು ಇಂದಿಗೂ ಕೃತಜ್ಞ. ಕೆಲಸದಿಂದ ತೆಗೆಯಲು ಸಿದ್ಧರಾಗಿದ್ದವರ ಎದುರಿಗೇ, ನಗುತ್ತಾರೆಂದು ಗೊತ್ತಿದ್ದೂ, ಅವರು ಕಂಡದ್ದನ್ನು ಕಂಡಂತೆ ಹೇಳಿದರು. ಆ ಮಾತನ್ನು ಅವರು ನುಂಗಿಕೊಂಡಿದ್ದರೆ, ಎಣ್ಣೆ ಕಂಡ ಕೂಡಲೇ ನಾನೂ ಮೂರನೆಯ ಸಲ ಸೀಲು ಬದಲಿಸಿ, ಒಬ್ಬ ಒಳ್ಳೆಯ ಚಾಲಕನನ್ನು ಮನೆಗೆ ಕಳಿಸಿ, ಆ ಲಾರಿಯನ್ನು ಇನ್ಯಾರದೋ ಕೈಗೆ ಕೊಟ್ಟು, ಅದೇ ಇಳಿಜಾರಿಗೆ ಬಿಡುತ್ತಿದ್ದೆನೇನೋ.